ಉಪಗ್ರಹ ಚಿತ್ರವನ್ನು ಓದುವುದು ಹೇಗೆ?

ಮಳೆಗಾಲ ಆರಂಭವಾಯಿತೆಂದರೆ ದೂರದರ್ಶನದ ವಾರ್ತೆಯ ಕೊನೆಯಲ್ಲಿ ಭಾರತದ ನಕಾಶೆಯೊಂದು ಬರುತ್ತದೆ. ಅರಬ್ಬೀ ಸಮುದ್ರದ ಮೇಲೆ, ಬಂಗಾಳ ಕೊಲ್ಲಿಯ ಮೇಲೆ ಹಿಂಜಿದ ಹತ್ತಿಯಂತೆ ಬಿಳಿಯ ಮೋಡಗಳು ಹರಡಿರುತ್ತವೆ. ಈಗಂತೂ ಅದೇ ಚಿತ್ರ ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ನಮ್ಮ ಮೊಬೈಲ್‌ಗಳಿಗೂ ಬರುತ್ತದೆ. ಜೊತೆಗೆ 'ಇಂದು ರಾತ್ರಿ ಭಾರಿ ಮಳೆ' ಎಂಬ ಒಕ್ಕಣೆಯೂ ಇರುತ್ತದೆ. ನಿಮ್ಮ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಎದ್ದು ನಿಂತು, 'ರಾತ್ರಿ ಹನ್ನೆರಡು ಗಂಟೆಗೆ ತೆಗೆದ ಚಿತ್ರದಲ್ಲಿ ಮೋಡ ಬೆಳ್ಳಗೆ ಕಾಣುವುದು ಹೇಗೆ? ಆಗ ಬಿಸಿಲೇ ಇರುವುದಿಲ್ಲವಲ್ಲ!' ಎಂದು ಕೇಳಿದರೆ ನೀವೇನು ಉತ್ತರ ಕೊಡುತ್ತೀರಿ?

ಈ ಸರಳ ಪ್ರಶ್ನೆಯಲ್ಲಿ ಉಪಗ್ರಹ ಹವಾಮಾನ ವಿಜ್ಞಾನದ ತಿರುಳೇ ಅಡಗಿದೆ. ನಾವು 'ಚಿತ್ರ' ಎಂದು ಕರೆಯುವುದು ನಿಜಕ್ಕೂ ಲಕ್ಷಾಂತರ ಅಳತೆಗಳ ಒಂದು ಪಟ್ಟಿ. ಅಳತೆಯನ್ನು ಅರ್ಥ ಮಾಡಿಕೊಳ್ಳಲು ಕಲಿಯಬೇಕಾಗುತ್ತದೆ. ಕಲಿತವರು ಕಲಿಯದವರಿಗೆ ತಿಳಿಸಿ ಹೇಳಬೇಕಾಗುತ್ತದೆ. ಹೀಗಾಗಿ ಹವಾಮಾನ ಉಪಗ್ರಹದ ಕೆಲಸ ಉಡಾವಣೆಯೊಂದಿಗೆ ಮುಗಿಯುವುದಿಲ್ಲ. ಸಂಶೋಧನೆ, ತರಬೇತಿ, ಜನರಿಗೆ ತಿಳಿವಳಿಕೆ – ಈ ಮೂರೂ ಸೇರಿದಾಗ ಮಾತ್ರ ಆಕಾಶದ ಅಳತೆ ನೆಲದ ಮೇಲೆ ಜೀವ ಉಳಿಸುತ್ತದೆ. ಅದು ಹೇಗೆಂದು ಹಂತಹಂತವಾಗಿ ನೋಡೋಣ.

ಬುಗುರಿಯಂತೆ ತಿರುಗಿದ ಕ್ಯಾಮೆರಾ

1960ರ ಏಪ್ರಿಲ್ 1ರಂದು ಅಮೆರಿಕ ಹಾರಿಸಿದ ಟೈರೋಸ್-1 ಮೊದಲ ಯಶಸ್ವಿ ಹವಾಮಾನ ಉಪಗ್ರಹ. ಅದು ಕೆಲಸ ಮಾಡಿದ್ದು ಕೇವಲ 78 ದಿನ. ಅದರ ಟಿ.ವಿ. ಕ್ಯಾಮೆರಾಗಳು ಕಳಿಸಿದ ಚಿತ್ರಗಳಲ್ಲಿ ಮೋಡಗಳು ಎಲ್ಲೆಂದರಲ್ಲಿ ಚೆದುರದೆ, ದೊಡ್ಡ ಸುರುಳಿಗಳಾಗಿ, ಪಟ್ಟೆಗಳಾಗಿ ಜೋಡಣೆಗೊಂಡಿರುವುದು ಕಂಡಿತು. ಆದರೆ ಅದು ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಸುತ್ತುತ್ತಿತ್ತು. ಒಂದು ಜಾಗವನ್ನು ನೋಡಿ ಮುಂದೆ ಹೋದರೆ, ಮತ್ತೆ ಅಲ್ಲಿಗೆ ಬರುವಷ್ಟರಲ್ಲಿ ಮೋಡದ ರೂಪವೇ ಬದಲಾಗಿರುತ್ತಿತ್ತು.

ಇದಕ್ಕೆ ಪರಿಹಾರ ಭೂಸ್ಥಿರ ಕಕ್ಷೆ. ಸಮಭಾಜಕದ ಮೇಲೆ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಭೂಮಿಯ ಭ್ರಮಣದ ವೇಗದಲ್ಲೇ ಸುತ್ತುವುದರಿಂದ ಒಂದೇ ಪ್ರದೇಶವನ್ನು ಸದಾ ನೋಡುತ್ತಿರಬಲ್ಲದು. ಅಷ್ಟು ದೂರದಿಂದ ನೆಲದ ಮೇಲಿನ 1 ಕಿಲೋಮೀಟರ್ ಎಷ್ಟು ಚಿಕ್ಕದಾಗಿ ಕಾಣುತ್ತದೆ ಗೊತ್ತೇ? ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 900 ಮೀಟರ್ ದೂರದಲ್ಲಿಟ್ಟು ನೋಡಿದಷ್ಟು!

ಈ ಸವಾಲಿಗೆ ಉತ್ತರ ಕಂಡುಕೊಂಡವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವರ್ನರ್ ಸುವೋಮಿ. ಇವರು ವೃತ್ತಿ ಆರಂಭಿಸಿದ್ದು ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಕಲಿಸುವ ಮೇಷ್ಟರಾಗಿ ಎಂಬುದನ್ನು ಶಿಕ್ಷಕರು ಗಮನಿಸಬೇಕು. ಆ ಕಾಲದ ಉಪಗ್ರಹಗಳು ಓಲಾಡದಿರಲೆಂದು ಬುಗುರಿಯಂತೆ ತಿರುಗುತ್ತಿದ್ದವು. ತಿರುಗುವ ವಸ್ತುವಿನ ಮೇಲೆ ಕ್ಯಾಮೆರಾ ಇಟ್ಟರೆ ಚಿತ್ರ ಕಲಸಿಹೋಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಸುವೋಮಿ ಆ ತಿರುಗುವಿಕೆಯನ್ನೇ ಉಪಯೋಗಕ್ಕೆ ತಂದರು. ಉಪಗ್ರಹ ಒಂದು ಸುತ್ತು ತಿರುಗಿದಾಗ ಕ್ಯಾಮೆರಾ ಭೂಮಿಯ ಒಂದು ತೆಳು ಗೆರೆಯನ್ನು ನೋಡುತ್ತದೆ. ಮುಂದಿನ ಸುತ್ತಿಗೆ ಕ್ಯಾಮೆರಾ ತುಸು ಬಾಗಿ ಪಕ್ಕದ ಗೆರೆಯನ್ನು ನೋಡುತ್ತದೆ. ನಿಮಿಷಕ್ಕೆ ನೂರು ಸುತ್ತಿನಂತೆ ಇಪ್ಪತ್ತು ನಿಮಿಷದಲ್ಲಿ ಸುಮಾರು ಎರಡು ಸಾವಿರ ಗೆರೆಗಳು! 1966ರ ಡಿಸೆಂಬರ್‌ನಲ್ಲಿ ಹಾರಿದ ಎಟಿಎಸ್-1 ಉಪಗ್ರಹ ಈ ವಿಧಾನದಿಂದ ಪೆಸಿಫಿಕ್ ಸಾಗರದ ಮೇಲಿನ ಮೋಡಗಳನ್ನು ಮತ್ತೆ ಮತ್ತೆ ಚಿತ್ರಿಸಿತು. ಮೋಡಗಳು ಚಲಿಸುವುದನ್ನು ವಿಜ್ಞಾನಿಗಳು ಮೊದಲ ಬಾರಿಗೆ ಚಲನಚಿತ್ರದಂತೆ ನೋಡಿದರು.

ನಮ್ಮ ದೇಶದಲ್ಲಿ ಈ ಸೇವೆ ನೆಲೆಗೊಂಡದ್ದು 1983ರಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹದಿಂದ. 2002ರಲ್ಲಿ ಹವಾಮಾನಕ್ಕೆಂದೇ ಮೀಸಲಾದ ಮೆಟ್‌ಸಾಟ್ ಹಾರಿತು. ಕಲ್ಪನಾ ಚಾವ್ಲಾ ಅವರ ನೆನಪಿಗಾಗಿ 2003ರಲ್ಲಿ ಅದಕ್ಕೆ ಕಲ್ಪನಾ-1 ಎಂದು ಹೆಸರಿಡಲಾಯಿತು. ಅನಂತರ ಇನ್ಸಾಟ್-3ಡಿ (2013), ಇನ್ಸಾಟ್-3ಡಿಆರ್ (2016), ಇನ್ಸಾಟ್-3ಡಿಎಸ್ (2024) ಬಂದವು. ಇನ್ಸಾಟ್ ಉಪಗ್ರಹಗಳನ್ನು ಕಕ್ಷೆಯಲ್ಲಿ ಸರಿಯಾದ ಜಾಗದಲ್ಲಿ ನಿಲ್ಲಿಸಿ ಕಾಯುವ ಪ್ರಧಾನ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿದೆ.

ಆರು ಬಗೆಯ ನೋಟ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ವೀನ್ ನಿಯಮ ನಿಮಗೆ ನೆನಪಿರಬೇಕು. ಕಾಯವೊಂದರ ವಿಕಿರಣ ಅತಿ ತೀವ್ರವಾಗಿರುವ ತರಂಗದೂರವನ್ನು ಪಡೆಯಲು 2898ನ್ನು ಕೆಲ್ವಿನ್‌ನಲ್ಲಿ ಹೇಳಿದ ಉಷ್ಣತೆಯಿಂದ ಭಾಗಿಸಬೇಕು. ಉತ್ತರ ಮೈಕ್ರೊಮೀಟರ್‌ನಲ್ಲಿ ಬರುತ್ತದೆ. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,800 ಕೆಲ್ವಿನ್, ಉತ್ತರ 0.5 ಮೈಕ್ರೊಮೀಟರ್. ಇದು ನಮ್ಮ ಕಣ್ಣಿಗೆ ಕಾಣುವ ಬೆಳಕು. ಭೂಮಿಯ ಸರಾಸರಿ ಉಷ್ಣತೆ ಸುಮಾರು 288 ಕೆಲ್ವಿನ್. ಉತ್ತರ 10 ಮೈಕ್ರೊಮೀಟರ್. ಇದು ಅವಕೆಂಪು ವಿಕಿರಣ. ನೆಲ, ಕಡಲು, ಮೋಡ ಎಲ್ಲವೂ ಹಗಲು ರಾತ್ರಿ ಎನ್ನದೆ ಈ ವಿಕಿರಣವನ್ನು ಹೊರಸೂಸುತ್ತಲೇ ಇರುತ್ತವೆ. ನಮಗೆ ಕತ್ತಲೆಯಾದರೂ ಅವಕೆಂಪು ಸಂವೇದಕಕ್ಕೆ ಕತ್ತಲೆಯಿಲ್ಲ.

ಇನ್ಸಾಟ್-3ಡಿ ಸರಣಿಯ ಬಿಂಬಕ ಆರು ಪಟ್ಟಿಗಳಲ್ಲಿ ನೋಡುತ್ತದೆ. ಮೊದಲನೆಯದು ದೃಗ್ಗೋಚರ ಬೆಳಕು. ಇದು ಹಗಲಿನಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ. ದಪ್ಪ ಮೋಡ ಹೆಚ್ಚು ಬಿಸಿಲನ್ನು ಪ್ರತಿಫಲಿಸಿ ಹೆಚ್ಚು ಬೆಳ್ಳಗೆ ಕಾಣುತ್ತದೆ. ಎರಡನೆಯದು ಸುಮಾರು 1.6 ಮೈಕ್ರೊಮೀಟರಿನ ಪಟ್ಟಿ. ಈ ತರಂಗದೂರವನ್ನು ಹಿಮ ಹೀರಿಕೊಳ್ಳುತ್ತದೆ, ನೀರಹನಿ ಪ್ರತಿಫಲಿಸುತ್ತದೆ. ಆದ್ದರಿಂದ ಹಿಮಾಲಯದ ಮೇಲೆ ಕಾಣುವ ಬಿಳುಪು ಹಿಮವೋ ನೀರಹನಿಗಳ ಮೋಡವೋ ಎಂದು ಬೇರ್ಪಡಿಸಬಹುದು. ಮೂರನೆಯದು 3.9 ಮೈಕ್ರೊಮೀಟರಿನ ಆಸುಪಾಸಿನದು. ನಾಲ್ಕನೆಯದು 6.8ರ ಸುತ್ತಲಿನ ನೀರಾವಿಯ ಪಟ್ಟಿ. ಇಲ್ಲಿ ನೆಲ ಕಾಣುವುದೇ ಇಲ್ಲ, ಹವೆಯ ಮೇಲಿನ ಪದರಗಳ ತೇವ ಕಾಣುತ್ತದೆ. ಐದು ಮತ್ತು ಆರನೆಯವು 11 ಹಾಗೂ 12 ಮೈಕ್ರೊಮೀಟರಿನ ಉಷ್ಣ ಅವಕೆಂಪು ಪಟ್ಟಿಗಳು. 12ರಲ್ಲಿ ನೀರಾವಿ ತುಸು ಹೆಚ್ಚು ಹೀರಿಕೊಳ್ಳುತ್ತದೆ. ಎರಡರ ವ್ಯತ್ಯಾಸದಿಂದ ಹವೆಯ ತೇವದ ಪ್ರಭಾವವನ್ನು ಕಳೆದು ಕಡಲ ಮೇಲ್ಮೈಯ ಉಷ್ಣತೆಯನ್ನು ನಿಖರವಾಗಿ ಅಳೆಯುತ್ತಾರೆ.

ಇದೇ ಉಪಗ್ರಹಗಳಲ್ಲಿ 19 ಪಟ್ಟಿಗಳ ಇನ್ನೊಂದು ಉಪಕರಣವೂ ಇದೆ. ಅದು ಹವೆಯ ಬೇರೆ ಬೇರೆ ಎತ್ತರಗಳ ಉಷ್ಣತೆ, ತೇವಗಳನ್ನು ಅಂದಾಜು ಮಾಡುತ್ತದೆ. ಅದರ ತತ್ತ್ವ ಸರಳ. ಕೆರೆಯ ನೀರು ಕೆಸರಾಗಿದ್ದರೆ ಮೇಲ್ಪದರ ಮಾತ್ರ ಕಾಣುತ್ತದೆ. ತಿಳಿಯಾಗಿದ್ದರೆ ತಳವೂ ಕಾಣುತ್ತದೆ. ಹಾಗೆಯೇ 15 ಮೈಕ್ರೊಮೀಟರಿನ ಸಮೀಪ ಇಂಗಾಲದ ಡೈಆಕ್ಸೈಡ್ ವಿಕಿರಣವನ್ನು ಬಲವಾಗಿ ಹೀರುವುದರಿಂದ ಅಲ್ಲಿ ಹವೆ 'ಕೆಸರು'. ಮೇಲಿನ ಪದರದಿಂದ ಬಂದ ವಿಕಿರಣ ಮಾತ್ರ ಉಪಗ್ರಹ ತಲಪುತ್ತದೆ. ತರಂಗದೂರವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದರೆ ಹವೆ 'ತಿಳಿ'ಯಾಗುತ್ತ ಕೆಳಗಿನ ಪದರಗಳು ಒಂದೊಂದಾಗಿ ಕಾಣಿಸುತ್ತವೆ.

ಎಣಿಕೆಯಿಂದ ಉಷ್ಣತೆಗೆ, ಉಷ್ಣತೆಯಿಂದ ಎತ್ತರಕ್ಕೆ

ಸಂವೇದಕ ಕೊಡುವುದು ಬರೀ ಒಂದು ಅಂಕಿ. ಅದನ್ನು ಉಷ್ಣತೆಯಾಗಿ ಬದಲಿಸುವುದು ಹೇಗೆ? ಉಪಗ್ರಹ ಆಗಾಗ ಎರಡು ಗೊತ್ತಿರುವ ವಸ್ತುಗಳನ್ನು ನೋಡುತ್ತದೆ. ಒಂದು, ಖಾಲಿ ಆಕಾಶ. ಅಲ್ಲಿಂದ ಬರುವ ವಿಕಿರಣ ಶೂನ್ಯವೆಂದೇ ಲೆಕ್ಕ. ಇನ್ನೊಂದು, ಉಪಗ್ರಹದೊಳಗೇ ಇಟ್ಟಿರುವ, ಉಷ್ಣತೆ ಗೊತ್ತಿರುವ ಕೃಷ್ಣಕಾಯ. ನಮ್ಮ ಪ್ರಯೋಗಶಾಲೆಯಲ್ಲಿ ತಾಪಮಾಪಕವನ್ನು ಕರಗುವ ಹಿಮಗಡ್ಡೆ ಮತ್ತು ಕುದಿಯುವ ನೀರಿನಲ್ಲಿಟ್ಟು ಗುರುತು ಹಾಕುವುದಿಲ್ಲವೇ? ಇದೂ ಹಾಗೆಯೇ.

ಒಂದು ಕಲ್ಪಿತ ಉದಾಹರಣೆಯಿಂದ ಲೆಕ್ಕ ಮಾಡೋಣ. 11 ಮೈಕ್ರೊಮೀಟರಿನ ಸಂವೇದಕ ಖಾಲಿ ಆಕಾಶಕ್ಕೆ 40, 300 ಕೆಲ್ವಿನ್‌ನ ಕೃಷ್ಣಕಾಯಕ್ಕೆ 840, ಮೋಡವೊಂದಕ್ಕೆ 130 ಎಂದು ತೋರಿಸಿತು ಎನ್ನಿ. ಮೋಡದ ವಿಕಿರಣ ಕೃಷ್ಣಕಾಯದ ವಿಕಿರಣದ 90/800, ಎಂದರೆ ಸುಮಾರು ಶೇಕಡ 11. ಪ್ಲಾಂಕ್ ಸೂತ್ರಕ್ಕೆ ಇದನ್ನು ಹಾಕಿದರೆ ಮೋಡದ ನೆತ್ತಿಯ ಉಷ್ಣತೆ 200 ಕೆಲ್ವಿನ್, ಅಂದರೆ ಸೊನ್ನೆಗಿಂತ 73 ಡಿಗ್ರಿ ಸೆಲ್ಸಿಯಸ್ ಕೆಳಗೆ ಎಂದು ಸಿಗುತ್ತದೆ. ಪದವಿ ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ವತಃ ಮಾಡಿ ನೋಡಬೇಕು. ಸ್ಟೆಫಾನ್ ನಿಯಮದ ನಾಲ್ಕನೆಯ ಘಾತವನ್ನು ಇಲ್ಲಿ ಬಳಸಿದರೆ ಉತ್ತರ ತಪ್ಪುತ್ತದೆ. ಏಕೆಂದು ಯೋಚಿಸಿ: ನಾವು ಅಳೆಯುತ್ತಿರುವುದು ಎಲ್ಲ ತರಂಗದೂರಗಳ ಮೊತ್ತವನ್ನಲ್ಲ, ಒಂದು ಕಿರಿದಾದ ಪಟ್ಟಿಯನ್ನು.

ಮುಂದಿನ ಹೆಜ್ಜೆ ಎತ್ತರ. ಹವೆಯಲ್ಲಿ ಮೇಲೇರಿದಂತೆ ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ನೆಲದಲ್ಲಿ 27 ಡಿಗ್ರಿ ಇದ್ದು ಮೋಡದ ನೆತ್ತಿಯಲ್ಲಿ -73 ಇದ್ದರೆ ವ್ಯತ್ಯಾಸ 100 ಡಿಗ್ರಿ. ಎತ್ತರ ಸುಮಾರು 15 ಕಿಲೋಮೀಟರ್. ಇಂಥ ಮೋಡ ಗುಡುಗು ಸಿಡಿಲಿನ ದೈತ್ಯ ಮೋಡವೇ ಇರಬೇಕು. ಅವಕೆಂಪು ಚಿತ್ರದಲ್ಲಿ ತಣ್ಣಗಿರುವುದನ್ನು ಬಿಳಿಯಾಗಿ, ಬಿಸಿಯಾಗಿರುವುದನ್ನು ಕಪ್ಪಾಗಿ ತೋರಿಸುವುದು ನಾವು ಮಾಡಿಕೊಂಡ ಏರ್ಪಾಡು. ಕೆಂಪು, ಹಳದಿ ಬಣ್ಣಗಳೂ ಕಂಪ್ಯೂಟರಿನಲ್ಲಿ ನಾವೇ ಹಚ್ಚಿದವು. ರಾತ್ರಿಯ ಬಿಳಿ ಮೋಡದ ಗುಟ್ಟು ಇಷ್ಟೇ: ಬಿಳಿ ಎಂದರೆ ಶೀತ.

ಬಿಳಿ ಎಂದರೆ ಮಳೆಯೇ?

ಇಲ್ಲಿಯೇ ಎಚ್ಚರ ಬೇಕು. ಬಿಳಿ ಎಂದರೆ ಶೀತ, ಶೀತ ಎಂದರೆ ಎತ್ತರ – ಇಲ್ಲಿಯವರೆಗೆ ಸರಿ. 'ಎತ್ತರ ಎಂದರೆ ಮಳೆ' ಎನ್ನುವುದು ಮಾತ್ರ ಯಾವಾಗಲೂ ನಿಜವಲ್ಲ. ಬಹಳ ಎತ್ತರದಲ್ಲಿ ಹಿಮದ ಹರಳುಗಳಿಂದಾದ ತೆಳು ಸಿರಸ್ ಮೋಡ ಅವಕೆಂಪು ಚಿತ್ರದಲ್ಲಿ ಬೆಳ್ಳಗೆ ಕಾಣಬಹುದು. ಅದರಿಂದ ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಮಲೆನಾಡಿನಲ್ಲೇ ಇದೆ. ಮುಂಗಾರಿನಲ್ಲಿ ತೇವ ತುಂಬಿದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರಿ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆದರೆ ಅಲ್ಲಿ ಜಡಿಮಳೆ ಸುರಿಸುವ ಮೋಡಗಳಲ್ಲಿ ಬಹಳಷ್ಟು ಅಷ್ಟೇನೂ ಎತ್ತರದವಲ್ಲ. ನೆತ್ತಿ 5 ಕಿಲೋಮೀಟರ್ ಎತ್ತರದಲ್ಲಿದ್ದರೆ ಮೇಲಿನ ಲೆಕ್ಕದ ಪ್ರಕಾರ ಅದರ ಉಷ್ಣತೆ ಸೊನ್ನೆಗಿಂತ ಐದಾರು ಡಿಗ್ರಿ ಮಾತ್ರ ಕೆಳಗೆ. ಚಿತ್ರದಲ್ಲಿ ಅದು ಬರೀ ಬೂದು ಬಣ್ಣ! ಮೋಡದ ಶೀತವನ್ನೇ ನಂಬಿ ಮಳೆಯನ್ನು ಅಂದಾಜು ಮಾಡುವ ಸೂತ್ರಗಳು ಪಶ್ಚಿಮ ಘಟ್ಟದಲ್ಲಿ ಮಳೆಯನ್ನು ಕಡಿಮೆ ತೋರಿಸುವುದಕ್ಕೆ ಇದೇ ಕಾರಣ. ಇದನ್ನು ತಿದ್ದಲು ನೆಲದ ಮಳೆಮಾಪಕಗಳು ಬೇಕೇ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೆಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳು ಆರು ಸಾವಿರಕ್ಕೂ ಹೆಚ್ಚು. ಉಪಗ್ರಹ ಮೇಲಿನಿಂದ ಹೇಳಿದ್ದು ನಿಜವೇ ಎಂದು ಕೆಳಗಿನಿಂದ ಪರೀಕ್ಷಿಸುವುದು ಇಂಥ ಉಪಕರಣಗಳಿಂದಲೇ.

ಮೂರನೆಯ ಉದಾಹರಣೆ ಮಂಜು. ಚಳಿಗಾಲದ ರಾತ್ರಿ ಗಂಗಾ ಬಯಲಿನ ಮೇಲೆ ಕವಿಯುವ ದಟ್ಟ ಮಂಜಿನ ಉಷ್ಣತೆ ನೆಲದ ಉಷ್ಣತೆಗೆ ಹತ್ತಿರವಾಗಿರುತ್ತದೆ. ಹಾಗಾಗಿ 11 ಮೈಕ್ರೊಮೀಟರಿನ ಚಿತ್ರದಲ್ಲಿ ಮಂಜಿರುವುದೇ ತಿಳಿಯುವುದಿಲ್ಲ. ಆದರೆ ಮಂಜಿನ ಸಣ್ಣ ಹನಿಗಳು 3.9 ಮೈಕ್ರೊಮೀಟರಿನಲ್ಲಿ ಕೃಷ್ಣಕಾಯದಷ್ಟು ಚೆನ್ನಾಗಿ ವಿಕಿರಣ ಸೂಸುವುದಿಲ್ಲ. ಆ ಪಟ್ಟಿಯಲ್ಲಿ ಅವು ಕೆಲವು ಡಿಗ್ರಿ ಹೆಚ್ಚು ತಣ್ಣಗಿರುವಂತೆ ತೋರುತ್ತವೆ. ಎರಡು ಚಿತ್ರಗಳನ್ನು ಒಂದರಿಂದೊಂದು ಕಳೆದಾಗ ಮಂಜಿನ ಹೊದಿಕೆ ಸ್ಪಷ್ಟವಾಗಿ ಮೂಡುತ್ತದೆ. ಒಂದು ಪಟ್ಟಿಗೆ ಕಾಣದ್ದು ಎರಡು ಪಟ್ಟಿಗಳನ್ನು ಹೋಲಿಸಿದಾಗ ಕಾಣುತ್ತದೆ.

ಮೋಡವೇ ಗಾಳಿಯ ಸೂಚಿ

ಸಮುದ್ರದ ನಡುವೆ ಗಾಳಿಯನ್ನು ಅಳೆಯುವವರು ಯಾರು? ಮೋಡಗಳೇ. ಅರ್ಧ ಗಂಟೆಯ ಅಂತರದ ಎರಡು ಚಿತ್ರಗಳಲ್ಲಿ ಒಂದು ಮೋಡದ ತುಣುಕು 20 ಕಿಲೋಮೀಟರ್ ಸರಿದಿದ್ದರೆ ಅಲ್ಲಿನ ಗಾಳಿಯ ವೇಗ ಗಂಟೆಗೆ 40 ಕಿಲೋಮೀಟರ್. ಅದು ಯಾವ ಎತ್ತರದ ಗಾಳಿ ಎಂಬುದನ್ನು ಮೋಡದ ಉಷ್ಣತೆ ಹೇಳುತ್ತದೆ. ಇಂಥ ಸಾವಿರಾರು ಗಾಳಿಯ ಅಳತೆಗಳು ಮುನ್ಸೂಚನೆಯ ಕಂಪ್ಯೂಟರ್ ಮಾದರಿಗಳಿಗೆ ದಿನವೂ ಸೇರುತ್ತವೆ.

ಚಂಡಮಾರುತದ ಬಲವನ್ನು ಅಂದಾಜು ಮಾಡಲು ಅಮೆರಿಕದ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ಒಂದು ಕ್ರಮವನ್ನು ರೂಪಿಸಿದರು. ಸುರುಳಿ ಎಷ್ಟು ಬಿಗಿಯಾಗಿದೆ, ನಡುವಿನ ಕಣ್ಣು ಎಷ್ಟು ಸ್ಪಷ್ಟವಾಗಿದೆ, ಕಣ್ಣಿನ ಸುತ್ತಲ ಮೋಡದ ಗೋಡೆ ಎಷ್ಟು ಶೀತವಾಗಿದೆ ಎಂಬುದನ್ನು ನೋಡಿ 1ರಿಂದ 8ರವರೆಗೆ 'ಟಿ' ಸಂಖ್ಯೆ ಕೊಡುತ್ತಾರೆ. ಭಾರತ ಹವಾಮಾನ ಇಲಾಖೆಯೂ ಈ ಕ್ರಮವನ್ನು ಬಳಸುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ: ಒಂದೇ ಚಿತ್ರಕ್ಕೆ ಇಬ್ಬರು ವಿಶ್ಲೇಷಕರು ಅರ್ಧ ಅಂಕ ಹೆಚ್ಚು ಕಡಿಮೆ ಕೊಡಬಹುದು. ಆ ಅರ್ಧ ಅಂಕದಲ್ಲಿ ಗಾಳಿಯ ವೇಗ ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಬದಲಾಗಬಹುದು. ಯಂತ್ರ ಎಷ್ಟೇ ಚೆನ್ನಾಗಿರಲಿ, ಓದುವ ಕಣ್ಣು ಪಳಗಿರಬೇಕು.

ಓದಲು ಕಲಿಸುವ ಕೇಂದ್ರಗಳು

ಈ ಪಳಗಿಸುವ ಕೆಲಸ ಹಲವೆಡೆ ನಡೆಯುತ್ತಿದೆ. ಸುವೋಮಿ ಅವರ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ 1980ರಲ್ಲಿ ಉಪಗ್ರಹ ಹವಾಮಾನ ಅಧ್ಯಯನಕ್ಕೆಂದೇ ಒಂದು ಸಹಕಾರಿ ಸಂಸ್ಥೆ ಆರಂಭವಾಯಿತು. ಅಲ್ಲಿ ಸಂಶೋಧನೆಯ ಜೊತೆಯಲ್ಲೇ ಮುನ್ಸೂಚಕರ ತರಬೇತಿ, ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಕಾರ್ಯಾಗಾರ, ಶಿಕ್ಷಕರಿಗೆ ಪಾಠಸಾಮಗ್ರಿ ಎಲ್ಲವೂ ಒಂದೇ ಸೂರಿನಡಿ ಬೆಳೆದವು. ವಿಶ್ವ ಹವಾಮಾನ ಸಂಸ್ಥೆಯೂ 2000ದಲ್ಲಿ ಹಲವು ದೇಶಗಳ ತರಬೇತಿ ಕೇಂದ್ರಗಳನ್ನು ಜೋಡಿಸುವ ಜಾಲವೊಂದನ್ನು ಕಟ್ಟಿತು.

ನಮ್ಮಲ್ಲಿ ವಿಶ್ವಸಂಸ್ಥೆಯ ಸಹಯೋಗದ ಏಷ್ಯಾ-ಪೆಸಿಫಿಕ್ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಶಿಕ್ಷಣ ಕೇಂದ್ರ 1995ರಲ್ಲಿ ಡೆಹ್ರಾಡೂನ್‌ನಲ್ಲಿ ಸ್ಥಾಪನೆಯಾಯಿತು. ಅದರ ಉಪಗ್ರಹ ಹವಾಮಾನ ವಿಜ್ಞಾನದ ಸ್ನಾತಕೋತ್ತರ ಶಿಕ್ಷಣಕ್ಕೆ ನೆಲೆಯಾದದ್ದು ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ; ನೆರೆಹೊರೆಯ ದೇಶಗಳವರೂ ಅಲ್ಲಿ ಕಲಿತಿದ್ದಾರೆ. ಇನ್ಸಾಟ್ ಉಪಗ್ರಹಗಳ ದತ್ತಾಂಶವನ್ನು ಕಾಪಿಟ್ಟು ಹಂಚುವ ಮೋಸ್‌ಡ್ಯಾಕ್ ಭಂಡಾರವೂ ಅದೇ ಕೇಂದ್ರದಲ್ಲಿದೆ. ಪದವಿ ವಿದ್ಯಾರ್ಥಿಗಳು ಯೋಜನಾ ಕಾರ್ಯಕ್ಕೆ ಅದನ್ನು ಬಳಸಿಕೊಳ್ಳಬಹುದು.

1999 ಕಲಿಸಿದ ಪಾಠ

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಬಳಿ ಅಪ್ಪಳಿಸಿದ ಮಹಾ ಚಂಡಮಾರುತದ ಗಾಳಿ ಗಂಟೆಗೆ ಸುಮಾರು 260 ಕಿಲೋಮೀಟರ್. ಟಿ ಸಂಖ್ಯೆ 7. ಹತ್ತು ಸಾವಿರದಷ್ಟು ಜನ ಸತ್ತರು. ಅಂದು ಉಪಗ್ರಹವಿರಲಿಲ್ಲವೇ? ಇತ್ತು. ಚಂಡಮಾರುತ ಹುಟ್ಟಿದ್ದನ್ನೂ ಬೆಳೆದದ್ದನ್ನೂ ಅದು ನೋಡುತ್ತಲೇ ಇತ್ತು, ಎಚ್ಚರಿಕೆಗಳೂ ಹೊರಟಿದ್ದವು. ಆದರೆ ಎಚ್ಚರಿಕೆಯ ಅರ್ಥ ಕರಾವಳಿಯ ಗುಡಿಸಲಿನವರೆಗೆ ತಲಪಿ, ಅಲ್ಲಿಯ ಜನ ಎದ್ದು ಹೋಗಲು ಒಂದು ಸುರಕ್ಷಿತ ಜಾಗವಿರುವಂಥ ವ್ಯವಸ್ಥೆ ಸಾಕಷ್ಟಿರಲಿಲ್ಲ.

ಆ ವರ್ಷದ ಕೊನೆಗೆ ಒಡಿಶಾ ಸರ್ಕಾರ ವಿಪತ್ತು ನಿರ್ವಹಣೆಗೆಂದೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಆಶ್ರಯ ಕಟ್ಟಡಗಳು ಎದ್ದವು, ಊರೂರಿನಲ್ಲಿ ಅಣಕು ಕಾರ್ಯಾಚರಣೆಗಳು ನಡೆದವು. ರೇಡಾರ್‌ಗಳು, ಕಂಪ್ಯೂಟರ್ ಮಾದರಿಗಳು ಉತ್ತಮಗೊಂಡವು. 2013ರ ಅಕ್ಟೋಬರ್ 12ರಂದು ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚಿನ ಗಾಳಿಯೊಂದಿಗೆ ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ಬಂದಾಗ ಸುಮಾರು ಹತ್ತು ಲಕ್ಷ ಜನ ಆಗಲೇ ಮನೆ ಬಿಟ್ಟು ಹೋಗಿದ್ದರು. ಸತ್ತವರ ಸಂಖ್ಯೆ ಐವತ್ತರೊಳಗೆ ನಿಂತಿತು. ಫೈಲಿನ್ 1999ರದ್ದಕ್ಕಿಂತ ತುಸು ದುರ್ಬಲ ಎಂಬುದು ನಿಜ. ಆದರೂ ಈ ಅಂತರ ಗಾಳಿಯ ವೇಗದಿಂದ ಬಂದದ್ದಲ್ಲ. ನಂಬಿ ಎದ್ದು ಹೋದ ಜನರಿಂದ ಬಂದದ್ದು.

ಇದು ಪೂರ್ವ ಕರಾವಳಿಯ ಮಾತಷ್ಟೇ ಅಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಸಾಗಿ ಗುಜರಾತನ್ನು ಮುಟ್ಟಿತು. ಅಂಥ ದಿನ ದೋಣಿ ನೀರಿಗಿಳಿಸಬೇಕೆ ಬೇಡವೆ ಎಂದು ನಿರ್ಧರಿಸುವ ಮನೆಯಲ್ಲಿ ಚಿತ್ರವನ್ನು ಓದಬಲ್ಲ ಒಬ್ಬ ವಿದ್ಯಾರ್ಥಿ ಇದ್ದರೆ ಎಷ್ಟು ಅನುಕೂಲ!

ತರಗತಿಯಲ್ಲಿ ಏನು ಮಾಡಬಹುದು?

ಶಿಕ್ಷಕರಿಗೆ ಕೆಲವು ಸೂಚನೆಗಳು. ಹವಾಮಾನ ಇಲಾಖೆಯ ಅಂತರಜಾಲ ತಾಣದಲ್ಲಿ ಉಪಗ್ರಹ ಚಿತ್ರಗಳು ಅರ್ಧ ಗಂಟೆಗೊಮ್ಮೆ ಹೊಸದಾಗಿ ಸಿಗುತ್ತವೆ.

ಒಂದು: ಯಾವುದೇ ಚಿತ್ರ ಸಿಕ್ಕಿದಾಗ ಮೊದಲು ಮೂರು ವಿಷಯ ಕೇಳುವ ಅಭ್ಯಾಸ ಮಾಡಿಸಿ – ಯಾವ ಪಟ್ಟಿಯದು? ಯಾವ ದಿನದ, ಯಾವ ಹೊತ್ತಿನದು? ಬಣ್ಣದ ಅಳತೆಪಟ್ಟಿ ಏನು ಹೇಳುತ್ತದೆ? ಚಿತ್ರದ ಮೇಲಿನ ಹೊತ್ತು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು. ಈ ಮೂರಕ್ಕೆ ಉತ್ತರವಿಲ್ಲದ ಚಿತ್ರವನ್ನು ಮುಂದಕ್ಕೆ ಕಳಿಸಬಾರದು.

ಎರಡು: ಒಂದೇ ಹೊತ್ತಿನ ದೃಗ್ಗೋಚರ ಮತ್ತು ಅವಕೆಂಪು ಚಿತ್ರಗಳನ್ನು ಅಕ್ಕಪಕ್ಕ ಇಡಿ. ಎರಡರಲ್ಲೂ ಬೆಳ್ಳಗಿದ್ದರೆ ದಪ್ಪನೆಯ, ಎತ್ತರದ ಮೋಡ. ಅವಕೆಂಪಿನಲ್ಲಿ ಮಾತ್ರ ಬೆಳ್ಳಗಿದ್ದರೆ ತೆಳು ಸಿರಸ್. ದೃಗ್ಗೋಚರದಲ್ಲಿ ಮಾತ್ರ ಬೆಳ್ಳಗಿದ್ದರೆ ತಗ್ಗಿನ ಮೋಡ ಅಥವಾ ಮಂಜು.

ಮೂರು: ಶಾಲೆಯ ಅಂಗಳದಲ್ಲಿ ಪ್ರತಿದಿನ ಒಂದೇ ಹೊತ್ತಿಗೆ ಆಕಾಶ ನೋಡಿ ಮೋಡದ ಬಗೆ, ಪ್ರಮಾಣ ಬರೆದಿಡಿ; ಅದೇ ಹೊತ್ತಿನ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ. ಹಲವು ದೇಶಗಳ ಶಾಲಾ ಮಕ್ಕಳು ಗ್ಲೋಬ್ ಎಂಬ ಕಾರ್ಯಕ್ರಮದಡಿ ಇದನ್ನೇ ಮಾಡುತ್ತಾರೆ. ಉಪಗ್ರಹ ಮೋಡದ ನೆತ್ತಿಯನ್ನು ನೋಡುತ್ತದೆ, ಮಕ್ಕಳು ಅದರ ಬುಡವನ್ನು ನೋಡುತ್ತಾರೆ. ವಿಜ್ಞಾನಿಗಳಿಗೆ ಎರಡೂ ಬೇಕು.

ನಾಲ್ಕು: ಒಂದು ಮಳೆಮಾಪಕ ಇಡಿ. ಮಲೆನಾಡಿನ ಶಾಲೆಯಾದರೆ, ಚಿತ್ರ ಬೂದಾಗಿದ್ದೂ ಮಳೆ ಸುರಿದ ದಿನಗಳನ್ನು ಗುರುತು ಮಾಡಿಸಿ. ಒಂದು ಮುಂಗಾರಿನ ಕೊನೆಗೆ ವಿದ್ಯಾರ್ಥಿಗಳ ಕೈಯಲ್ಲಿ ಅವರದೇ ಆದ ದತ್ತಾಂಶವಿರುತ್ತದೆ. ಆಗ ಮೊಬೈಲಿಗೆ ಬಂದ ಕೆಂಪು ಬಣ್ಣದ ಚಿತ್ರವನ್ನು ಮನೆಯವರು ತೋರಿಸಿದರೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಅವರೇ ವಿವರಿಸಬಲ್ಲರು.